ನಮ್ಮಲ್ಲೂ ಬೇಡ, ಬೇರೆಲ್ಲೂ ಬೇಡ

ಈ ಸಲದ ಚಳಿಗಾಲದಲ್ಲಿ ನಾನು ಒಂದಿಡೀ ಮೀಟಿಂಗ್ ಬಾಯಿ ಮುಚ್ಚಿಕೊಂಡು ಕೂತಿದ್ದೆ.

ನಗಬೇಡಿ. ನನ್ನ ಗಂಡನೂ ನಂಬಲಿಲ್ಲ. "ಅನೆಸ್ತೀಶಿಯಾ ಏನಾದ್ರೂ ಕೊಟ್ಟಿದ್ರಾ?" ಎಂದು ಕೇಳಿದರು.

ವಿಷಯ ಇಷ್ಟೆ. ಆಸ್ಟ್ರೇಲಿಯಾದಲ್ಲಿ ಕೆಲಸಕ್ಕೇ ಕುತ್ತು ತರುವಂಥ ಮೀಟಿಂಗ್‌ಗೆ ನಿಮ್ಮನ್ನು ಕರೆದರೆ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಬಹುದು. ಅವರಿಗೆ 'ಸಪೋರ್ಟ್ ಪರ್ಸನ್' ಎಂದು ಹೆಸರು. ಧೈರ್ಯಕ್ಕೆ ಪಕ್ಕದಲ್ಲಿ ಕೂರಬಹುದು. ನೋಟ್ಸ್ ಬರೆದುಕೊಳ್ಳಬಹುದು. ಕಣ್ಣೀರು ಬಂದರೆ ಟಿಶ್ಯೂ ಕೊಡಬಹುದು. ವಾದ ಮಾಡುವ ಹಾಗಿಲ್ಲ. ಪ್ರತಿ ವಾರ ಇಲ್ಲಿ ನಿಮ್ಮ ತಲೆ ತಿನ್ನುವ ನನಗೆ ಸಿಕ್ಕ ಕೆಲಸ ನೋಡಿ!

ನಾನು ಹೋಗಿದ್ದು ಲವೀನಾ ಜೊತೆ. (ನಿಜವಾದ ಹೆಸರಲ್ಲ. ಈ ಬರಹದಲ್ಲಿ ಯಾರದ್ದೂ ನಿಜವಾದ ಹೆಸರಲ್ಲ.) ಲವೀನಾ ಮೆಲ್ಬರ್ನ್‌ನ ಬಾಕ್ಸ್ ಹಿಲ್ ಬಡಾವಣೆಯ ಒಂದು ಕ್ಲಿನಿಕ್‌ನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದಳು. ಮೆಲ್ಬರ್ನ್, ಸಿಡ್ನಿ ಎರಡೂ ಕಡೆ ಬ್ರಾಂಚ್‌ಗಳಿರುವ ಕಂಪನಿ ಅದು. ಮೇಜಿನ ಆಚೆ ಮ್ಯಾನೇಜರ್ ಕ್ರೇಗ್. ಗೋಡೆಯ ಸ್ಕ್ರೀನ್ ಮೇಲೆ ಸಿಡ್ನಿಯಿಂದ ಎಚ್‌ಆರ್ ಮಹಿಳೆ. ಈಚೆ ನಾವಿಬ್ಬರು. ಲವೀನಾಳ ಕೋಲು ಕುರ್ಚಿಗೆ ಒರಗಿ ನಿಂತಿತ್ತು.

ಕ್ರೇಗ್ ಶುರು ಮಾಡಿದ್ದು, ನಿನ್ನ ಬಗ್ಗೆ ನಮಗೆಲ್ಲ ಅಪಾರ ಗೌರವ ಇದೆ ಎಂದು. ಹೀಗೆ ಶುರುವಾದ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನಿಮಗೂ ಗೊತ್ತು. ನಡೆಯಲು ಕಷ್ಟಪಡುವವರು ಇಲ್ಲಿಗೆ ಬರುತ್ತಾರೆ, ಬಂದಾಗ ಕೋಲು ಹಿಡಿದ ಫಿಸಿಯೋ ಎದುರಾದರೆ ಅವರಿಗೆ ನಂಬಿಕೆ ಹೇಗೆ ಹುಟ್ಟುತ್ತದೆ ಎಂದು ಅವನು ಬಹಳ ಮೆತ್ತಗೆ ಕೇಳಿದ.

"ಯಾರಾದರೂ ಪೇಷೆಂಟ್ ಕಂಪ್ಲೇಂಟ್ ಮಾಡಿದ್ದಾರಾ?" ಲವೀನಾ ಇಂಗ್ಲಿಷ್‌ನಲ್ಲಿ ಕೇಳಿದಳು.

"ಇದುವರೆಗೆ ಇಲ್ಲ," ಎಂದ ಕ್ರೇಗ್. "ಆದರೆ ಮಾಡಬಹುದು."

ನಾನು ಬಾಯಿ ತೆರೆದೆ. ಸ್ಕ್ರೀನ್ ಮೇಲಿನ ಮಹಿಳೆ ನನ್ನತ್ತ ನೋಡಿದಳು. ಬಾಯಿ ಮುಚ್ಚಿದೆ. ಪೆನ್ನನ್ನು ಎಷ್ಟು ಒತ್ತಿ ಬರೆದೆನೆಂದರೆ ಕಾಗದ ಹರಿಯಿತು.

*

ಲವೀನಾ ನನಗೆ ಪರಿಚಯವಾಗಿದ್ದು ನನ್ನ ಭುಜದಿಂದ. ಎರಡು ವರ್ಷದ ಹಿಂದೆ ನನ್ನ ಬಲಭುಜ ಹಿಡಿದುಕೊಂಡಿತ್ತು. ತಲೆ ಬಾಚಲು ಆಗುತ್ತಿರಲಿಲ್ಲ, ಮೇಲಿನ ಶೆಲ್ಫ್‌ನಿಂದ ಬೇಳೆ ಡಬ್ಬ ತೆಗೆಯಲು ಆಗುತ್ತಿರಲಿಲ್ಲ. ಆಫೀಸಿನ ಹತ್ತಿರದ ಕ್ಲಿನಿಕ್ ಎಂದು ಹೋದೆ. ನನ್ನ ಹೆಸರು ನೋಡಿದ್ದೇ ಆ ಹುಡುಗಿ ಕನ್ನಡಕ್ಕೆ ಜಾರಿದಳು.

"ಎಂತ ಅಕ್ಕಾ, ಈ ಕೈಯನ್ನು ಶೋಕೇಸ್‌ನಲ್ಲಿ ಇಟ್ಟಿದ್ರಾ? ಉಪಯೋಗಿಸ್ಲಿಕ್ಕೆ ಇರುವುದಲ್ವಾ ಅದು?"

ಹುಡುಗಿ ಅಂದೆ, ಒಂದು ಮಗುವಿನ ತಾಯಿ. ಮಂಗಳೂರಿನವಳು, ಮನೆಯಲ್ಲಿ ಕೊಂಕಣಿ. ಗಂಡ ವಿಲ್ಫ್ರೆಡ್ ಮತ್ತು ಪ್ರೈಮರಿ ಸ್ಕೂಲಿಗೆ ಹೋಗುವ ಮಗಳ ಜೊತೆ ವೆರಿಬೀಯಲ್ಲಿ ವಾಸ. ಅಲ್ಲಿಂದ ಬಾಕ್ಸ್ ಹಿಲ್ ಎಂದರೆ ಊರಿನ ಆ ತುದಿಯಿಂದ ಈ ತುದಿ. ಸಿಟಿಯಲ್ಲಿ ಟ್ರೈನ್ ಬದಲಿಸಬೇಕು. ಮನೆ ಕೊಂಡಿದ್ದು ಅಲ್ಲಿ, ಕೆಲಸ ಸಿಕ್ಕಿದ್ದು ಇಲ್ಲಿ. ನಮ್ಮಲ್ಲಿ ಅರ್ಧ ಜನರ ಕಥೆ ಇದೇ ತಾನೆ?

ನನ್ನ ಭುಜ ಸರಿಯಾಯಿತು, ಸ್ನೇಹ ಉಳಿಯಿತು. ಲಂಚ್ ಬ್ರೇಕ್‌ನಲ್ಲಿ ಒಟ್ಟಿಗೆ ಕಾಫಿ. ಅಂಥದ್ದೊಂದು ಮಧ್ಯಾಹ್ನ ಅವಳು, ತನ್ನ ಬಲಗಾಲು ಕೆಲವು ದಿನಗಳಿಂದ ಮಾತು ಕೇಳುತ್ತಿಲ್ಲ ಎಂದಳು. ಪಾದ ಎಳೆಯುತ್ತಿತ್ತು. ಸ್ಕ್ಯಾನ್ ಆಯಿತು, ನ್ಯೂರಾಲಜಿಸ್ಟ್ ಆಯಿತು. ಮಲ್ಟಿಪಲ್ ಸ್ಕ್ಲೀರೋಸಿಸ್. ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಹಾಳಾಗುವ ಕಾಯಿಲೆ. ಔಷಧಿಯಿಂದ ಅದರ ವೇಗ ತಗ್ಗಿಸಬಹುದು. ಮುಂದೆ ಹೇಗೆ, ಎಷ್ಟು ಬೇಗ ಎಂದು ಯಾವ ಡಾಕ್ಟರೂ ಖಚಿತವಾಗಿ ಹೇಳಲಾರರು.

ಕೈಗೆ ಕೋಲು ಬಂತು. ಅದೇ ಕೈಗಳ ಶಕ್ತಿ ಮಾತ್ರ ಹಾಗೇ ಇತ್ತು. (ನನ್ನ ಭುಜವನ್ನು ಕೇಳಿ, ಹೇಳುತ್ತದೆ.)

ಕೋಲು ಹಿಡಿದು ಕೆಲಸಕ್ಕೆ ಹೋದ ಮೊದಲ ದಿನ ಅವಳಿಗೂ ಅಳುಕಿತ್ತಂತೆ. ಮಂಡಿ ಆಪರೇಷನ್ ಆದ ಚೀನೀ ತಾತ ಒಬ್ಬರು ಬಂದರು. ಅವಳ ಕೋಲು ನೋಡಿದರು. ತಮ್ಮ ಕೋಲನ್ನು ಎತ್ತಿ ಅವಳದಕ್ಕೆ ಟಕ್ ಎಂದು ತಾಗಿಸಿ, ಇನ್ನು ಮೇಲೆ ನಾನು ಸೋಮಾರಿತನ ಮಾಡುವ ಹಾಗಿಲ್ಲ ಬಿಡು ಎಂದರಂತೆ.

ಅವಳು ಕ್ರೇಗ್ ಹತ್ತಿರ ಕೇಳಿಕೊಂಡಿದ್ದು ಏನು ದೊಡ್ಡದು? ಬೆಳಗ್ಗೆ ಸ್ವಲ್ಪ ತಡವಾಗಿ ಶುರು ಮಾಡಿ ಸಂಜೆ ಅಷ್ಟೇ ತಡವಾಗಿ ಮುಗಿಸುತ್ತೇನೆ, ಟ್ರೈನಿನಲ್ಲಿ ಕೂರಲು ಸೀಟ್ ಸಿಗುತ್ತದೆ. ಪೇಷೆಂಟ್ ಹಾಸಿಗೆಯ ಸುತ್ತ ಓಡಾಡಲು ಚಕ್ರದ ಸ್ಟೂಲ್ ಒಂದು ಬೇಕು. ಕಾರಿಡಾರಿನ ಕೊನೆಯ ರೂಮಿನ ಬದಲು ಮುಂದಿನ ರೂಮು. ಇಂಥ ಅನುಕೂಲ ಮಾಡಿಕೊಡುವುದು ಇಲ್ಲಿ ಕಂಪನಿಯ ಉಪಕಾರವೇನೂ ಅಲ್ಲ. ಮಾಡಿಕೊಡಲು ವಿಪರೀತ ಕಷ್ಟವಾಗುತ್ತದೆ ಎಂದು ಕಂಪನಿ ತೋರಿಸದ ಹೊರತು, ಅಂಗವೈಕಲ್ಯದ ಕಾನೂನಿನ ಪ್ರಕಾರ ಮಾಡಿಕೊಡಲೇಬೇಕು.

ಸಮಯ ಬದಲಿಸಲು 'ರೋಸ್ಟರ್ ಕಷ್ಟ' ಎಂದರು. ಸ್ಟೂಲ್‌ಗೆ 'ಕ್ಲಿನಿಕ್‌ನ ಲುಕ್' ಎಂದರು. ಮುಂದಿನ ರೂಮು ಹೊಸದಾಗಿ ಸೇರಿದ ಹುಡುಗನಿಗೆ ಹೋಯಿತು. ಆಮೇಲೆ ಹೊಸ ಪೇಷೆಂಟ್‌ಗಳು ಅವಳಿಗೆ ಬರುವುದು ನಿಂತಿತು. ಹಳೆಯವರು ಅವಳೇ ಬೇಕೆಂದು ಹಟ ಹಿಡಿದು ಬರುತ್ತಿದ್ದರು. ಆಮೇಲೆ ಆ ಮೀಟಿಂಗ್.

ಮೀಟಿಂಗ್ ಆದ ಮುಂದಿನ ವಾರ ಇಮೇಲ್ ಬಂತು. ಹುದ್ದೆಯ ಮೂಲಭೂತ ಕೆಲಸಗಳನ್ನು ನಿರ್ವಹಿಸಲು ಅವಳಿಗೆ ಸಾಧ್ಯವಿಲ್ಲ ಎಂದು ಕಂಪನಿ ತೀರ್ಮಾನಿಸಿದೆ. ಮುಂದಿನ ಜೀವನಕ್ಕೆ ಶುಭಾಶಯಗಳು.

*

ಇಲ್ಲಿ ನಮ್ಮವರ ಬಗ್ಗೆ ಒಂದು ಮಾತು.

ಆ ಭಾನುವಾರ ವೆರಿಬೀಯಲ್ಲಿ ಪರಿಚಯದವರ ಮನೆಯಲ್ಲಿ ಊಟ. ಲವೀನಾ ವಿಷಯ ಹೇಗೋ ಎಲ್ಲರಿಗೂ ತಲುಪಿತ್ತು. ಎಲೆ ಮುಂದೆ ಕೂತ ಅಂಕಲ್ ಒಬ್ಬರು ತೀರ್ಪು ಕೊಟ್ಟರು. "ಕೋಲು ತಗೊಂಡು ಆಫೀಸಿಗೆ ಹೋಗಿದ್ದೇ ತಪ್ಪು ಕಣಮ್ಮ. ಕಾಯಿಲೆ ವಿಷಯ ಯಾರಾದ್ರೂ ಬಾಯಿ ಬಿಟ್ಟು ಹೇಳ್ತಾರಾ?"

"ಕೋಲಿಲ್ದೆ ಹೇಗೆ ಹೋಗ್ಬೇಕಿತ್ತು ಅಂಕಲ್? ತೆವಳ್ಕೊಂಡಾ?" ಎಂದೆ. (ಇಲ್ಲಿ ನಾನು ಸಪೋರ್ಟ್ ಪರ್ಸನ್ ಅಲ್ಲವಲ್ಲ.)

ಅವರ ಹೆಂಡತಿ ಪಲ್ಯ ಬಡಿಸುತ್ತಾ ಕೇಳಿದರು: "ನಿಮ್ಮ ಹಾರ್ಟಿಗೆ ಸ್ಟೆಂಟ್ ಹಾಕ್ಸಿದ್ದು ನಿಮ್ಮ ಆಫೀಸಲ್ಲಿ ಗೊತ್ತಾ?"

"ಗೊತ್ತಾದ್ರೆ ಪ್ರಾಜೆಕ್ಟ್ ಕೊಡ್ತಾರೇನೇ?" ಎಂದು ಅಂಕಲ್ ಗದರಿದರು. ಗದರಿದ ಮೇಲೆ ಅನ್ನ ಕಲಸತೊಡಗಿದರು. ತುಂಬಾ ಹೊತ್ತು ಕಲಸಿದರು.

ಆಮೇಲೆ ನನಗೂ ಬೈಯುವ ಮನಸ್ಸಾಗಲಿಲ್ಲ. ಆ ಮನುಷ್ಯ ಲವೀನಾಗೆ ಕೊಟ್ಟ ಸಲಹೆ, ತಾನೇ ದಿನವೂ ಹೆದರಿಕೊಂಡು ಪಾಲಿಸುತ್ತಿರುವುದು. ಆ ಎಲೆ ಸಾಲಿನಲ್ಲಿ ಹೀಗೆ ಏನೇನು ಮುಚ್ಚಿಟ್ಟುಕೊಂಡು ಇನ್ನೆಷ್ಟು ಜನ ಕೂತಿದ್ದರೋ!

*

ಲವೀನಾ ಅಳುತ್ತಾ ಕೂರಲಿಲ್ಲ. ಎರಡೇ ವಾರದಲ್ಲಿ ಇನ್ನೊಂದು ಕೆಲಸ ಹುಡುಕಿಕೊಂಡಳು. ಬಾಕ್ಸ್ ಹಿಲ್‌ನಿಂದ ಸಿಟಿ ಕಡೆ ಕೆಲವು ಸ್ಟೇಷನ್ ಹಿಂದೆ ಹೆಲೆನ್ ಎಂಬಾಕೆ ನಡೆಸುವ ಪುಟ್ಟ ಕ್ಲಿನಿಕ್. ಕೋಲು ನೋಡಿ ಹೆಲೆನ್ ಕೇಳಿದ್ದು, ಮೆಟ್ಟಿಲು ಹತ್ತಲು ಆಗುತ್ತದಾ ಅಥವಾ ಹಿಂದಿನ ಬಾಗಿಲ ಕೀ ಕೊಡಲಾ ಎಂದು. ಅಷ್ಟೇ ಇಂಟರ್‌ವ್ಯೂ.

ಇನ್ನೇನು ಸೋಮವಾರ ಸೇರಬೇಕು. ಗುರುವಾರ ಲಾಯರ್‌ಗಳಿಂದ ನೋಟಿಸ್. ಹಳೆಯ ಕಂಪನಿಯ ಪರವಾಗಿ. ನೀನು ಸಹಿ ಮಾಡಿರುವ ಕಾಂಟ್ರಾಕ್ಟ್‌ನಲ್ಲಿ 'ನಾನ್-ಕಂಪೀಟ್' ಷರತ್ತಿದೆ, ಕೆಲಸ ಬಿಟ್ಟ ಮೇಲೆ ನಮಗೆ ಪೈಪೋಟಿಯಾಗುವ ಯಾವ ಕ್ಲಿನಿಕ್‌ನಲ್ಲೂ ಕೆಲಸ ಮಾಡುವಂತಿಲ್ಲ, ಮಾಡಿದರೆ ಕೋರ್ಟ್. ಅದೇ ನೋಟಿಸ್‌ನ ಕಾಪಿ ಹೆಲೆನ್‌ಗೂ ಹೋಗಿತ್ತು.

ಲವೀನಾ ಫೋನ್ ಹಿಡಿದುಕೊಂಡು ಸೀದಾ ನಮ್ಮ ಮನೆಗೆ ಬಂದಳು. ಇಬ್ಬರೂ ಷರತ್ತು ಓದಿದೆವು. ಹನ್ನೆರಡು ತಿಂಗಳು. ಕೋರ್ಟ್ ಅದನ್ನು ಒಪ್ಪದಿದ್ದರೆ ಆರು. ಅದನ್ನೂ ಒಪ್ಪದಿದ್ದರೆ ಮೂರು. ಜಾಗ? ಕಂಪನಿಯ ಬ್ರಾಂಚ್ ಇರುವ ಎಲ್ಲ ರಾಜ್ಯಗಳು. ಅದಾಗದಿದ್ದರೆ ಇಡೀ ಮೆಲ್ಬರ್ನ್. ಅದೂ ಆಗದಿದ್ದರೆ ಬಾಕ್ಸ್ ಹಿಲ್ ಸುತ್ತಮುತ್ತ. ಸೊಪ್ಪಿನವಳ ಹತ್ತಿರವೂ ನಾನು ಹೀಗೆ ಚೌಕಾಶಿ ಮಾಡಿಲ್ಲ!

"ನನ್ನ ತಮ್ಮ ಸಿಡ್ನಿಗೆ ಬಾ ಹೇಳ್ತಾನೆ," ಎಂದಳು ಲವೀನಾ. "ಬ್ಲ್ಯಾಕ್‌ಟೌನ್‌ನಲ್ಲಿ ಅವನ ಮನೆ ಉಂಟು. ಆದ್ರೆ ಅಲ್ಲಿಯೂ ಇವರದ್ದು ಬ್ರಾಂಚ್ ಉಂಟಲ್ಲ ಅಕ್ಕಾ. ಎಲ್ಲಿಗೆ ಹೋಗ್ಲಿ? ಸಮುದ್ರದಲ್ಲಿ ಕ್ಲಿನಿಕ್ ಇಡ್ಲಿಕ್ಕೆ ಆಗ್ತದಾ?"

ಹೆಲೆನ್ ಫೋನ್ ಮಾಡಿದಳು. ಕೆಟ್ಟವಳಲ್ಲ, ಹೆದರಿದವಳು. ಲಾಯರ್‌ಗೆ ಸುರಿಯಲು ನನ್ನ ಬಳಿ ಹಣವಿಲ್ಲ, ಇದನ್ನು ಬಗೆಹರಿಸಿಕೊಂಡು ಬಾ ಎಂದಳು. ನಾನು ಸಮಾಧಾನ ಹೇಳಲು ಹೋದೆ. ಒಂದು ವರ್ಷ ತಾನೆ, ಹೇಗೋ ಕಳೆದುಹೋಗುತ್ತೆ ಎಂದೆ.

ಲವೀನಾ ತನ್ನ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟಳು.

"ನಿಮಗೆ ಒಂದು ವರ್ಷ ಅಕ್ಕಾ. ನನ್ನ ಈ ಕೈ ಎಷ್ಟು ವರ್ಷ ಸರಿ ಇರ್ತದೆ ಅಂತ ಡಾಕ್ಟ್ರಿಗೇ ಗೊತ್ತಿಲ್ಲ. ಇರುವುದರಲ್ಲಿ ಒಂದು ವರ್ಷ ಇವರಿಗೆ ಯಾಕೆ ಕೊಡ್ಬೇಕು?"

 

*

ಕೆನಡಾದ ಟೊರೊಂಟೊದಲ್ಲಿರುವ ನನ್ನ ನಾದಿನಿ ಎಚ್‌ಆರ್‌ನಲ್ಲೇ ಕೆಲಸ ಮಾಡುತ್ತಾಳೆ. ಫೋನ್ ಮಾಡಿದೆ.

"ಅತ್ತಿಗೆ, ನಾನ್-ಕಂಪೀಟ್ ಇನ್ನೂ ಇದ್ಯಾ ನಿಮ್ಮಲ್ಲಿ?" ಎಂದು ಆಶ್ಚರ್ಯಪಟ್ಟಳು. "ನಮ್ಮ ಪ್ರಾಂತ್ಯದಲ್ಲಿ ಅದನ್ನ ತೆಗೆದುಹಾಕಿ ವರ್ಷಗಳಾಯ್ತು. ಕಂಪನಿಯ ತೀರಾ ಟಾಪ್‌ನಲ್ಲಿರೋರು, ಬಿಸಿನೆಸ್ ಮಾರಿದೋರು, ಅಂಥೋರಿಗೆ ಬಿಟ್ರೆ ಹೊಸದಾಗಿ ಹಾಕೋ ಹಾಗೇ ಇಲ್ಲ. ಬೇರೆ ಪ್ರಾಂತ್ಯಗಳ ಕಥೆ ಬೇರೆ, ಅಲ್ಲಿ ಇನ್ನೂ ಕೋರ್ಟೇ ನೋಡ್ಬೇಕು. ಪೇಷೆಂಟ್ ಲಿಸ್ಟ್ ಕದ್ಕೊಂಡು ಹೋಗ್ಬೇಡ ಅನ್ನೋದು ಬೇರೆ ಅತ್ತಿಗೆ, ಕೆಲಸಾನೇ ಮಾಡ್ಬೇಡ ಅನ್ನೋದು ಬೇರೆ."

ಇಲ್ಲಿಯ ಸರ್ಕಾರವೂ ಒಂದು ಮಿತಿಗಿಂತ ಕಡಿಮೆ ಸಂಬಳದವರಿಗೆ ಈ ಷರತ್ತನ್ನು ನಿಷೇಧಿಸುತ್ತೇವೆ ಎಂದು ಹೇಳಿದೆ. ಇದನ್ನು ಬರೆಯುವ ಹೊತ್ತಿಗೆ ಅದಿನ್ನೂ ಜಾರಿಗೆ ಬಂದಿಲ್ಲ. ಜಾರಿಗೆ ಬರುವ ತನಕ ಲವೀನಾಳಂಥವರು ಏನು ಮಾಡಬೇಕು?

ಲವೀನಾ ಉಚಿತ ಕಾನೂನು ಸಲಹಾ ಕೇಂದ್ರಕ್ಕೆ ಹೋದಳು. ನಾನೂ ಹೋದೆ. ಅಲ್ಲಿ ಮೇಗನ್ ಎಂಬ ಲಾಯರ್. ಮೊದಲು ಅವಸರ ಮಾಡಿದಳು. ಕೆಲಸದಿಂದ ತೆಗೆದದ್ದನ್ನು ಪ್ರಶ್ನಿಸುವುದಾದರೆ ತೆಗೆದ ದಿನದಿಂದ ಮೂರು ವಾರದೊಳಗೆ ಅರ್ಜಿ ಹಾಕಬೇಕು, ನೀವು ಕೊನೇ ಗಳಿಗೆಯಲ್ಲಿ ಬಂದಿದ್ದೀರಿ ಎಂದಳು. (ಓದುಗರೇ, ಬೇರೇನು ಮರೆತರೂ ಇದನ್ನು ಮರೆಯಬೇಡಿ.) ಅರ್ಜಿ ಅವತ್ತೇ ಹೋಯಿತು.

ಆಮೇಲೆ ಮೇಗನ್ ಕೆಲಸದಿಂದ ತೆಗೆದ ಇಮೇಲ್ ಓದಿದಳು. ಲಾಯರ್ ನೋಟಿಸ್ ಓದಿದಳು. ಇನ್ನೊಮ್ಮೆ ಇಮೇಲ್ ಓದಿದಳು. "ಇವೆರಡೂ ಒಂದೇ ಕಂಪನಿಯವಾ?" ಎಂದು ಕೇಳಿದಳು.

ಹೌದು ಎಂದೆವು. ಅವಳು ನಕ್ಕಳು. ಆ ಇಡೀ ಚಳಿಗಾಲದಲ್ಲಿ ನಾನು ಕೇಳಿದ ಮೊದಲ ಒಳ್ಳೆಯ ನಗು ಅದು.

ಅವಳು ವಿವರಿಸಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಬರೀ ಪೈಪೋಟಿ ಬೇಡ ಎಂಬ ಆಸೆಗೆ ಯಾರನ್ನೂ ಮನೆಯಲ್ಲಿ ಕೂರಿಸಲಾಗದು. ಕಾಪಾಡಿಕೊಳ್ಳಬೇಕಾದ ನ್ಯಾಯವಾದ ಹಿತಾಸಕ್ತಿ ಕಂಪನಿಗೆ ಇರಬೇಕು, ಷರತ್ತು ಅದಕ್ಕೆ ಬೇಕಾದಷ್ಟು ಮಾತ್ರ ಇರಬೇಕು. ಇದನ್ನು ತೀರ್ಮಾನಿಸುವುದು ಕೋರ್ಟ್. ಆದರೆ ಕೋರ್ಟ್ ತನಕ ಹೋಗುವವರು ಯಾರು? ಯಾರೂ ಹೋಗುವುದಿಲ್ಲ ಎಂಬ ಧೈರ್ಯದ ಮೇಲೇ ಇಂಥ ನೋಟಿಸ್‌ಗಳು ಹೊರಡುತ್ತವೆ. ಷರತ್ತು ಗಟ್ಟಿಯಾಗಿಯೇ ಇರಬೇಕೆಂದಿಲ್ಲ. ನಮ್ಮ ಭಯ ಗಟ್ಟಿಯಾಗಿದ್ದರೆ ಸಾಕು.

ಮೇಗನ್ ಕಂಪನಿಯ ಲಾಯರ್‌ಗೆ ಉತ್ತರ ಬರೆದಳು. ಚಿಕ್ಕದು. ಇವರಿಗೆ ಫಿಸಿಯೋಥೆರಪಿ ಮಾಡುವ ಸಾಮರ್ಥ್ಯವಿಲ್ಲ ಎಂದು ನಿಮ್ಮ ಕಕ್ಷಿದಾರರು ಒಂದು ಕಡೆ ಹೇಳಿದ್ದಾರೆ. ಇವರು ಫಿಸಿಯೋಥೆರಪಿ ಮಾಡಿದರೆ ತಮ್ಮ ವ್ಯಾಪಾರಕ್ಕೆ ಗಂಭೀರ ಹಾನಿ ಎಂದು ಇನ್ನೊಂದು ಕಡೆ ಹೇಳಿದ್ದಾರೆ. ಎರಡರಲ್ಲಿ ಯಾವುದನ್ನು ಉಳಿಸಿಕೊಳ್ಳುತ್ತೀರಿ, ದಯವಿಟ್ಟು ತಿಳಿಸಿ.

ಉತ್ತರ ತಕ್ಷಣ ಬರಲಿಲ್ಲ. ವಾರಗಳು ಕಳೆದವು. ಆ ಮಧ್ಯೆ ಒಂದು ಬೆಳಗ್ಗೆ ಲವೀನಾಳ ಎಡಗೈ ಬೆರಳ ತುದಿಗಳು ಮರಗಟ್ಟಿದವು. ಆಸ್ಪತ್ರೆ, ಸ್ಟೀರಾಯ್ಡ್. ಸ್ಪರ್ಶ ನಿಧಾನಕ್ಕೆ ವಾಪಸ್ ಬಂತು, ಕಿರುಬೆರಳಿನಲ್ಲಿ ಪೂರ್ತಿ ಬರಲಿಲ್ಲ. ಮನೆಯಲ್ಲಿ ಕೂತಿದ್ದರಿಂದ ಹಾಗಾಯಿತು ಎಂದು ನಾನು ಹೇಳುತ್ತಿಲ್ಲ. ಕಾಯಿಲೆ ಇರುವುದೇ ಹಾಗೆ. ಆದರೆ ಆ ವಾರಗಳಲ್ಲಿ ಅವಳ ಹತ್ತೂ ಬೆರಳು ಸರಿಯಿದ್ದ ದಿನಗಳು ಖರ್ಚಾಗಿ ಹೋದವು, ಯಾರ ಬೆನ್ನಿಗೂ ಮಂಡಿಗೂ ಉಪಯೋಗವಾಗದೆ.

*

ಕೆಲಸದ ವ್ಯಾಜ್ಯ ಕೇಳುವ ಸರ್ಕಾರಿ ಆಯೋಗ, ವಿಚಾರಣೆಗೆ ಮೊದಲು ಎರಡೂ ಕಡೆಯವರನ್ನು ಫೋನಿನಲ್ಲಿ ಕೂರಿಸಿ ರಾಜಿಗೆ ಪ್ರಯತ್ನಿಸುತ್ತದೆ. ನಮ್ಮ ಮನೆಯ ಡೈನಿಂಗ್ ಟೇಬಲ್ ಸುತ್ತ ಲವೀನಾ, ಮೇಗನ್, ನಾನು ಕೂತು ನಡುವೆ ಮೇಗನ್ ಫೋನ್ ಇಟ್ಟೆವು. ಅಲ್ಲಿ ಏನೇನು ಮಾತಾಯಿತು ಎಂದು ಬರೆಯುವಂತಿಲ್ಲ, ಅದು ಖಾಸಗಿ. ಕೊನೆಯಲ್ಲಿ ನಮ್ಮ ಅಡುಗೆಮನೆಯಲ್ಲಿ ನಡೆದದ್ದನ್ನು ಮಾತ್ರ, ಲವೀನಾ ಒಪ್ಪಿಗೆ ಕೊಟ್ಟಿರುವುದರಿಂದ, ಹೇಳುತ್ತೇನೆ.

ರಾಜಿ ಪತ್ರಗಳಲ್ಲಿ ಸಾಮಾನ್ಯವಾಗಿ ಒಂದು ಸಾಲಿರುತ್ತದಂತೆ. ನಡೆದದ್ದನ್ನು ಇನ್ನು ಯಾರಿಗೂ ಹೇಳುವುದಿಲ್ಲ ಎಂದು. ಅದಕ್ಕೆ ಒಪ್ಪಿದರೆ ಹಣ ಒಂದಿಷ್ಟು ಜಾಸ್ತಿ ಸಿಗಬಹುದು, ಯೋಚನೆ ಮಾಡು ಎಂದಳು ಮೇಗನ್. ಲವೀನಾ ಎದ್ದು ಬಂದು ಸಿಂಕ್ ಹತ್ತಿರ ನಿಂತಳು. ವಿಲ್ಫ್ರೆಡ್‌ಗೆ ಫೋನ್ ಮಾಡಿ ಕೊಂಕಣಿಯಲ್ಲಿ ಮಾತಾಡಿದಳು. ನನಗೆ ಅರ್ಥವಾಗಲಿಲ್ಲ, ದನಿ ಮಾತ್ರ ಏರಿ ಇಳಿಯಿತು. ಮಾರ್ಟ್‌ಗೇಜ್ ಎಂಬ ಪದ ಎರಡು ಮೂರು ಸಲ ಕೇಳಿಸಿತು. (ಅದಕ್ಕೆ ಯಾವ ಭಾಷೆಯಲ್ಲೂ ಬೇರೆ ಪದವಿಲ್ಲ.)

ಫೋನ್ ಇಟ್ಟು ನನ್ನ ಕಡೆ ತಿರುಗಿದಳು.

"ಜಾಸ್ತಿ ಬೇಡ ಅಕ್ಕಾ. ಕೋಲು ಹಿಡಿದದ್ದಕ್ಕೆ ಒಮ್ಮೆ ನಾಚಿಕೆ ಮಾಡಿಸಿದ್ರು. ಈಗ ಬಾಯಿ ಮುಚ್ಚಿದ್ರೆ, ನಾಚಿಕೆ ಆಗುವಂಥದ್ದು ನಾನೇ ಎಂತದೋ ಮಾಡಿದ ಹಾಗೆ ಆಗ್ತದೆ. ನೀವು ಬರೀರಿ. ಹೆಸರು ಬದಲಿಸಿ ಬರೀರಿ."

"ವಿಲ್ಫ್ರೆಡ್ ಏನಂದ್ರು?"

"ಮೊದಲು ಬೈದ್ರು. ಮತ್ತೆ, ನಿನ್ನ ಇಷ್ಟ ಹೇಳಿದ್ರು. ಮತ್ತೆ, ರಾತ್ರಿ ಊಟಕ್ಕೆ ಎಂತ ಅಂತ ಕೇಳಿದ್ರು."

ಕೊನೆಗೆ ಆದದ್ದು ಇಷ್ಟು. ನಾನ್-ಕಂಪೀಟ್ ಷರತ್ತನ್ನು ಕಂಪನಿ ಕೈಬಿಟ್ಟಿತು, ಹೆಲೆನ್‌ಗೂ ಹಾಗೆಂದು ಬರೆದು ತಿಳಿಸಿತು. ಸಾಧಾರಣ ಮೊತ್ತವೊಂದನ್ನು ಕೊಟ್ಟಿತು. ತಪ್ಪು ಒಪ್ಪಿಕೊಳ್ಳಲಿಲ್ಲ, ಕ್ಷಮೆ ಕೇಳಲಿಲ್ಲ. ಹೆಲೆನ್ ಅಷ್ಟರಲ್ಲಿ ಇನ್ನೊಬ್ಬಳನ್ನು ಕೆಲಸಕ್ಕೆ ತೆಗೆದುಕೊಂಡಿದ್ದಳು. ಹಾಗಾಗಿ ಲವೀನಾಗೆ ಈಗ ವಾರಕ್ಕೆ ಎರಡೇ ದಿನ ಕೆಲಸ. ಇದನ್ನು ಗೆಲುವು ಅನ್ನಬೇಕೋ ಬೇಡವೋ ನನಗೆ ಗೊತ್ತಾಗಿಲ್ಲ. ಅವಳನ್ನು ಕೇಳಿದರೆ, "ಕೆಲಸ ಉಂಟು. ಸದ್ಯಕ್ಕೆ ಸಾಕು" ಎನ್ನುತ್ತಾಳೆ.

ಇದೆಲ್ಲ ಮುಗಿದ ಮೇಲೆ ನನ್ನದೇ ಕಾಂಟ್ರಾಕ್ಟ್ ತೆಗೆದು ನೋಡಿದೆ. ಅದೇ ಷರತ್ತು, ಅದೇ ಹನ್ನೆರಡು-ಆರು-ಮೂರು. ಗಂಡನದರಲ್ಲೂ ಇದೆ. 'ಕಂಗ್ರಾಜುಲೇಷನ್ಸ್' ಎಂದು ಶುರುವಾಗುವ ಇಮೇಲ್ ಬಂದ ಖುಷಿಯಲ್ಲಿ, ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ಸಿಗುವ ಆತುರದಲ್ಲಿ, ಸೀದಾ ಕೊನೇ ಪುಟಕ್ಕೆ ಹೋಗಿ ಸಹಿ ಹಾಕುವ ಜಾತಿ ನಮ್ಮದು. ನಿಮ್ಮದನ್ನೂ ಒಮ್ಮೆ ತೆಗೆದು ನೋಡಿ. ಕಣ್ಣು, ಕಾಲು, ಕೈ ಎಲ್ಲ ನೆಟ್ಟಗಿರುವಾಗಲೇ ನೋಡಿ.

ಅಂದಹಾಗೆ ಎಂಪ್ಲಾಯರ್ ಎಂಬುದಕ್ಕೆ ನಮ್ಮ ಕನ್ನಡದಲ್ಲಿ ಉದ್ಯೋಗದಾತ ಎಂಬ ಬಲು ಉದಾರವಾದ ಪದವಿದೆ. ತಾನೂ ಕೆಲಸ ಕೊಡದೆ, ಕೊಡುವವರನ್ನೂ ತಡೆಯುವವರಿಗೆ ಆ ಪದದಲ್ಲಿನ 'ದಾತ'ನನ್ನು ಯಾಕೆ ಉಳಿಸಬೇಕು?